ಆರು ಇಲ್ಲದ ಹಲಗೆ

ಶನಿವಾರ ಸಂಜೆ ಚರ್ಚಿನ ಬೀಗದಕೈ ನನ್ನ ಸೊಂಟದಲ್ಲಿ.
ಒಳಗೆ ಬಾವಲಿಯ ವಾಸನೆ, ಮೇಣದ ವಾಸನೆ,
ಕಿಟಕಿಯಾಚೆಯಿಂದ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ.
ಮೂರೂ ಸೇರಿದರೇ ನನಗೆ ಅದು ದೇವರ ಮನೆ.

ಎಡಗಂಬದ ಮೇಲೆ ಗೀತೆಗಳ ಹಲಗೆ.
ಅಪ್ಪ ಗಂಟೆ ಹೊಡೆಯುತ್ತಿದ್ದ ಕಾಲದಲ್ಲಿ
ಬೀಟೆಯಲ್ಲಿ ಕೆತ್ತಿಸಿದ ಕನ್ನಡದ ಅಂಕಿಗಳು,
ಒಂದೊಂದೂ ಮೂರು ಮೂರು.
ಈಗ ಆರು ಮಾತ್ರ ಇಲ್ಲ.

ಒಂದು ಆರು ಬಿರುಕುಬಿಟ್ಟು ಕ್ರಿಸ್ಮಸ್ ಬಿರಿಯಾನಿಯ ಒಲೆ ಸೇರಿತು.
ಇನ್ನೊಂದನ್ನು ಸಂಡೇ ಸ್ಕೂಲಿನ ಹುಡುಗರು
ದೋಣಿ ಎಂದು ನಾಲೆಯಲ್ಲಿ ತೇಲಿಬಿಟ್ಟರು.
ಕೊನೆಯದು,
ಹನೋಕ ಮೇಷ್ಟ್ರನ್ನು ಮಣ್ಣು ಮಾಡಿದ ವಾರ ಕಾಣೆಯಾಯಿತು.

"ಒಂಬತ್ತನ್ನ ತಲೆಕೆಳಗು ಹಾಕಮ್ಮ" ಎಂದರು ಖಜಾಂಚಿ ಸತ್ಯಾನಂದಪ್ಪ.
ಹಾಕಿ ನೋಡಿದೆ. ಇಂಗ್ಲಿಷಿನ ಒಂಬತ್ತಾದರೆ ಒಪ್ಪುತ್ತಿತ್ತು.
ನಮ್ಮದು ಮೊಂಡು,
ತಲೆಕೆಳಗಾದರೂ ಆರಾಗಲೊಲ್ಲದು.

ಹಾಗಾಗಿ ಮೂರು ವರ್ಷದಿಂದ
ಆರು ಬರುವ ಒಂದು ಗೀತೆಯನ್ನೂ ಈ ಸಭೆ ಹಾಡಿಲ್ಲ.
ಅಯ್ಯನವರು ಚೀಟಿ ಕಳಿಸುತ್ತಾರೆ,
ನಾನು ಆಚೀಚೆ ಜರುಗಿಸುತ್ತೇನೆ.
ಒಮ್ಮೆ ಶ್ರಮೆಯ ಗೀತೆಯ ಜಾಗಕ್ಕೆ ಮಳೆಯ ಗೀತೆ ಬಂದು
ಮಾರ್ಚಿಯ ಉರಿಬಿಸಿಲಲ್ಲಿ ಎಲ್ಲರೂ ಎದ್ದು ನಿಂತು
ಗಂಭೀರವಾಗಿ ಮಳೆಗೆ ಸ್ತೋತ್ರ ಸಲ್ಲಿಸಿದೆವು.
ಅಯ್ಯನವರು ಹಲಗೆ ನೋಡಿದರು, ಚೀಟಿ ನೋಡಿದರು,
ಕನ್ನಡಕ ಒರೆಸಿಕೊಂಡು ಸುಮ್ಮನಾದರು.

ಸೋಮವಾರ ಕಾಣಿಕೆ ಎಣಿಸುವಾಗ
ಮೂಲೆ ಹರಿದ ಹತ್ತರ ನೋಟೊಂದು ಇದ್ದೇ ಇರುತ್ತದೆ.
ಪ್ರತಿ ವಾರ. ಅದೇ ನೋಟು.
ಸತ್ಯಾನಂದಪ್ಪ ತಮ್ಮ ಜೇಬಿನದು ಹಾಕಿ ಅದನ್ನು ಬಸ್ಸಿನಲ್ಲಿ ದಾಟಿಸುತ್ತಾರೆ,
ಭಾನುವಾರಕ್ಕೆ ಅದು ನಡೆದುಕೊಂಡು ವಾಪಸು ಬರುತ್ತದೆ.
ಸ್ತ್ರೀಯರ ಕೂಟದಲ್ಲಿ ಪ್ರಾರ್ಥನೆಗಿಂತ ಕುಂಬಳಕಾಯಿಯ ಮಾತು ಉದ್ದ.
ಸುಗ್ಗಿ ಹಬ್ಬದ ಹರಾಜಿನಲ್ಲಿ ಐದು ಸಲ ಮಾರಿಹೋಗಿ
ಎರಡು ಸಾವಿರ ತಂದ ಕಾಯಿ
ಕೊನೆಗೆ ಕೊಟ್ಟವಳ ಮನೆಯಲ್ಲೇ ಹುಳಿಯಾಯಿತು.
ಐದನೆಯ ಸಲ ಅವಳೇ ಕೊಂಡದ್ದು, ಮುನಿಸು ಮಾತ್ರ ನಮ್ಮ ಮೇಲೆ.

ಗುರುವಾರ ಹಿಡಿ ಅಕ್ಕಿಯ ಚೀಲ ಹಿಡಿದು ಹೊರಡುತ್ತೇನೆ.
ಅನ್ನಕ್ಕಿಡುವಾಗಲೆಲ್ಲ ತೆಗೆದಿಟ್ಟ ಒಂದೊಂದು ಹಿಡಿ.
ಸಣ್ಣಕ್ಕಿ, ರೇಷನ್ ಅಕ್ಕಿ, ನರ್ಸ್ ಸಲೋಮಿಯ ಮನೆಯ ಬಾಸುಮತಿ
ಎಲ್ಲ ಒಂದೇ ಚೀಲಕ್ಕೆ.
ಒಂದು ಬೆಂದರೆ ಒಂದು ಬೇಯದು,
ಬೇಯಿಸಿದವರಿಗೇ ಗೊತ್ತು ಸಭೆ ಎಂದರೇನೆಂದು.

ಗುತ್ತಲು ರಸ್ತೆಯಲ್ಲಿ ಹನೋಕ ಮೇಷ್ಟ್ರ ಮನೆ.
ರಾಹೇಲಮ್ಮ ಡಬ್ಬಿ ತಂದು ಚೀಲದ ಬಾಯಿಗೆ ಬೋರಲು ಹಾಕಿದಳು.
ಅಕ್ಕಿ ಸುರಿಯಿತು, ಸುರಿಯಿತು,
ಕೊನೆಗೆ ಡಬ್ಬಿಯ ಅಂಚಿಗೆ ಟಕ್ಕೆಂದು ಬಡಿದು
ಬಿತ್ತು ಒಂದು ಆರು.

ಮೈಸೂರಿನ ಪ್ಯಾಸೆಂಜರು ಪೂರಾ ಹಾದುಹೋಗುವಷ್ಟು ಹೊತ್ತು
ಇಬ್ಬರೂ ಅದನ್ನೇ ನೋಡಿದೆವು.

"ನೂರ ಅರವತ್ತೆರಡು ಹಾಡುದ್ರಲ್ಲ ಅವತ್ತು, ಪೆಟ್ಟಿಗೆ ಮುಂದೆ.
ಶ್ರುತಿ ಎಲ್ಲ ಕೆಡಿಸಿಬುಟ್ರು ಕಣವ್ವ.
ಅವರು ಮೇಲಿದ್ದಿದ್ರೆ ಕೋಲಲ್ಲಿ ಮೇಜು ಕುಟ್ಟಿ ನಿಲ್ಲುಸೋರು.
ಒಳಗೆ ಮಲಗಿದ್ರು. ಸುಮ್ನೆ ಕೇಳ್ಕಂಡ್ರು.
ಇನ್ನೊಂದ್ ಸಲ ಅಂಗೆ ಕೇಳಕ್ಕೆ ನನ್ ಕೈಲಾಗ್ದು."

ನಾನು ಆರನ್ನು ಸೆರಗಿನಲ್ಲಿ ಒರೆಸಿದೆ.
ಖಾಲಿ ಡಬ್ಬಿಯ ತಳಕ್ಕೆ ಮಡಗಿ ಮುಚ್ಚಳ ಒತ್ತಿದೆ.
ಚೀಲದ ಬಾಯಿ ಕಟ್ಟಿ, ಮುಂದಿನ ಮನೆ.

ಇವತ್ತು ನಾಳೆಯ ಅಂಕಿ ನೇತುಹಾಕಿ ಆಯಿತು:
೧೫೯, ೪೩, ೨೭೦.
ಹಾರ್ಮೋನಿಯಂ ಸುತ್ತ ಕೂತ ಹುಡುಗರಿಗೆ ಹೇಳಿದೆ,
ನೂರ ಅರವತ್ತೆರಡು ತೆಗೀರಿ.
"ಅದು ಹಲಗೆ ಮೇಲೆ ಬರಲ್ವಲ್ಲ ಆಂಟಿ?"
ಬರದಿದ್ದರೆ ಬೇಡ. ಸರಿಯಾಗುವ ತನಕ ಹಾಡಿ.

ಎರಡನೆಯ ಸಾಲಲ್ಲೇ ಎಡವಿದರು.
ಜಂತಿಯಿಂದ ಬಾವಲಿಯೊಂದು ಎದ್ದು ಹಾರಿತು.
ಅಪ್ಪನ ಹಳೆಯ ಗಂಟೆಹಗ್ಗದ ತುದಿಯಿಂದ
ಮೇಜು ಕುಟ್ಟಿದೆ.

ಮತ್ತೆ ಮೊದಲಿಂದ.