ಬಾಡಿಗೆಗಿಲ್ಲ

ಈ ತಿಂಗಳಿಗೆ ಇವಳು ಮೂರನೆಯವಳು.
ಆಟೋದಿಂದ ಮೊದಲು ಇಳಿದದ್ದು ಕುಕ್ಕರ್,
ಆಮೇಲೆ ಸುತ್ತಿ ಕಟ್ಟಿದ ಹಾಸಿಗೆ, ಆಮೇಲೆ ಅವಳು.
ಕೋಡಿಬಾಗದ ಬಿಸಿಲಲ್ಲಿ ಗೇಟಿನ ಹೊರಗೆ ನಿಂತು
ಮೊಬೈಲನ್ನೊಮ್ಮೆ, ಮನೆಯನ್ನೊಮ್ಮೆ ನೋಡಿ
ನಕ್ಕಳು, ಗುರುತು ಹತ್ತಿದವರ ಹಾಗೆ.

"ಅಡುಗೆಯವರು ನೀವೇ ಅಲ್ಲವಾ?
ಕೀ ನಿಮ್ಮ ಹತ್ತಿರ ಇದೆ ಅಂದ್ರು, ಕ್ಯಾಪ್ಟನ್ ಸಾಹೇಬರು."

ನಾನು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದೆ.
ಸೂಜಿ ಹಲ್ಲಲ್ಲಿತ್ತು. ಒಳ್ಳೆಯದೇ ಆಯಿತು.

ಮೊದಲು ಬಂದ ವೆಲ್ಡರನಿಗೆ ನಾನು ಕಾವಲಿನವನ ಹೆಂಡತಿ.
ಆಮೇಲಿನ ಗಂಡಹೆಂಡಿರಿಗೆ
ಸಾಹೇಬರ ದೂರದ ಚಿಕ್ಕಮ್ಮ, ತಲೆ ಸರಿಯಿಲ್ಲದವಳು:
"ಮನೆ ನಂದೇ ಅಂತಾಳೆ, ಕಿವಿಗೆ ಹಾಕ್ಕೋಬೇಡಿ."
ಹತ್ತೊಂಬತ್ತು ವರ್ಷ ಪೆಡಲ್ ತುಳಿದು ಎಬ್ಬಿಸಿದ ಗೋಡೆಗಳ ನಡುವೆ
ಕಂಡಿರದವನೊಬ್ಬ ನನಗೆ
ವಾರಕ್ಕೊಂದು ನೌಕರಿ ಕೊಡುತ್ತಿದ್ದಾನೆ.

ಫೋಟೋ ತೋರಿಸಿದಳು.
ನನ್ನದೇ ಮೆಟ್ಟಿಲು, ಮೆಟ್ಟಿಲ ಮೇಲೆ ನನ್ನದೇ ಬೆಕ್ಕು,
ತಂತಿಯಲ್ಲಿ ನನ್ನದೇ ಲಂಗ.
ಹಳೆಯ ಸ್ಕೂಟರ್ ಮಾರಲೆಂದು ತಂಗಿಯ ಮಗ ಹಾಕಿದ್ದ ಚಿತ್ರ.
ಸ್ಕೂಟರನ್ನು ಕತ್ತರಿಸಿ ತೆಗೆದು
ಮನೆಯನ್ನು ಉಳಿಸಿಕೊಂಡಿದ್ದಾನೆ ಪುಣ್ಯಾತ್ಮ.
ಕೆಳಗೆ ಬರೆದಿದೆ: ಕಿಟಕಿಗೆ ಸಮುದ್ರ, ಬಾಡಿಗೆ ಮೂರೂವರೆ ಸಾವಿರ.
ನನ್ನ ಕಿಟಕಿಗೆ ಕಾಣುವುದು ಐಸ್ ಫ್ಯಾಕ್ಟರಿಯ ಹಿಂಗೋಡೆ.
ಆ ದರಕ್ಕೆ ಕಾರವಾರದಲ್ಲಿ
ಮಗುಚಿಟ್ಟ ದೋಣಿಯ ನೆರಳೂ ಸಿಗುವುದಿಲ್ಲ.

ಬಿಳಿ ಸಮವಸ್ತ್ರದ ಪಟ, ಗುರುತಿನ ಚೀಟಿ,
ವಿಶಾಖಪಟ್ಟಣಕ್ಕೆ ದಿಢೀರ್ ವರ್ಗ,
ಹದಿನೆಂಟು ಸಾವಿರ ಮುಂಗಡ.
ಗೇಟ್‌ಪಾಸಿಗೆಂದು ಇವತ್ತು ಬೆಳಿಗ್ಗೆ ಮತ್ತೆ ಎರಡು ಸಾವಿರದ ನೂರು,
ಅದು ವಾಪಸ್ ಬರುತ್ತದಂತೆ.

"ಗೇಟಿನ ಮೇಲೆ ಏನಿದೆ, ಓದಲಿಲ್ವಾ ನೀನು?"
ಕೆಂಪು ಎಣ್ಣೆಬಣ್ಣದಲ್ಲಿ ನಾನೇ ಬರೆದದ್ದು, ಮೊಳದುದ್ದ ಅಕ್ಷರ:
ಈ ಮನೆ ಬಾಡಿಗೆಗಿಲ್ಲ.
"ಓದಿದೆ ಅಕ್ಕಾ. ದಲಾಲರು ಬರದೇ ಇರಲಿ ಅಂತ
ಅವರೇ ಬರೆಸಿದ್ದಂತಲ್ಲ."

ನನ್ನ ಹಲಗೆಯೂ ಅವನ ಕಡೆಗೆ ಸೇರಿಕೊಂಡಿತ್ತು.

ಸಿಟ್ಟು ಬಂತು. ಅವನ ಮೇಲಿನದು, ಎದುರಿಗಿದ್ದವಳ ಮೇಲೆ ಬಿತ್ತು.
"ನರ್ಸ್ ಅಂತೀ. ನೋಡದ ಮನೆಗೆ ದುಡ್ಡು ಕಳಿಸ್ತಾರಾ?
ನಾವು ಬಂಗಡೆಯನ್ನೂ ಕಿವಿರು ಎತ್ತಿ ನೋಡದೆ ಕೊಳ್ಳೋದಿಲ್ಲ."

ಕುಕ್ಕರಿನ ಮೇಲೆ ಕೂತಳು.
"ನೋಡಿದೆ ಅಕ್ಕಾ. ಹಬ್ಬುವಾಡದಲ್ಲಿ ಮೂರು, ಕಾಜುಬಾಗದಲ್ಲಿ ಎರಡು.
ಎಲ್ಲರೂ ಮೊದಲು ನನ್ನ ಕೂದಲು ನೋಡಿದ್ರು.
ಊರು ಕೇಳಿದ್ರು, ಹಳಿಯಾಳದ ಹತ್ರ ಅಂದೆ.
ಹೆಸರು ಕೇಳಿದ್ರು, ಸೆಲೆಸ್ತಿನಾ ಸಿದ್ದಿ ಅಂದೆ.
ಅಷ್ಟರಲ್ಲಿ ಮನೆ ಬೇರೆಯವರಿಗೆ ಹೋಗಿಬಿಟ್ಟಿರ್ತಿತ್ತು.
ಇವನೊಬ್ಬ ಏನೂ ಕೇಳಲಿಲ್ಲ.
ಯಾವತ್ತು ಬರ್ತೀಯಮ್ಮಾ, ಅಂದ. ಅಷ್ಟೇ."

ಬೆಕ್ಕು ಬಂದು ಅವಳ ಹಾಸಿಗೆ ಮೂಸಿತು.
ನನ್ನ ಮಹಡಿಯ ಕೋಣೆಯಲ್ಲಿ ಎರಡು ವರ್ಷದಿಂದ
ಚಿಂದಿಬಟ್ಟೆಯ ಮೂಟೆಗಳಿವೆ.
ಆಗೊಬ್ಬಳು ಇದೇ ಗೇಟಿಗೆ ಬಂದಿದ್ದಳು.
ಆಗಲೇ ಹೋಯಿತು, ಅಂದಿದ್ದೆ ನಾನು.
ಹೆಸರು ಕೇಳಿದ ಮೇಲೆ.

ಒಂದು ಒಂಬತ್ತು ಮೂರು ಸೊನ್ನೆಗೆ ಅಲ್ಲೇ ನಿಂತು ಫೋನು ಮಾಡಿಸಿದೆ.
ಸ್ಟೇಷನ್ನಿನಲ್ಲಿ ಬರೆದುಕೊಂಡರು, ಕಾಗುಣಿತ ತಪ್ಪಿಸಿ.
ಬೆಳಗಿನ ಎರಡು ಸಾವಿರದ ನೂರು ಎಲ್ಲೋ ದಾರಿಯಲ್ಲಿ ತಡೆದು ನಿಂತಿತು.
ಹದಿನೆಂಟು ಸಾವಿರ ದಾಟಿಹೋಗಿತ್ತು.
ಸಾಹೇಬರ ನಂಬರು ಸ್ವಿಚ್ ಆಫ್.

ಮೂಟೆ ಇಳಿಸಲು ಸಂಜೆಯಾಯಿತು.
ತಿಂಗಳ ಬಾಡಿಗೆ ಹೇಳಿ ಕೈ ಚಾಚಿದೆ.
ಪರ್ಸಿನ ಜಿಪ್ ಅರ್ಧ ಎಳೆದವಳು ನಿಲ್ಲಿಸಿದಳು:
"ಮನೆಪಟ್ಟಿ ಕಟ್ಟಿದ ರಸೀದಿ ತೋರಿಸ್ತೀರಾ ಅಕ್ಕಾ?
ಕರೆಂಟ್ ಬಿಲ್ಲು ಕೂಡ. ಮತ್ತೆ ನಿಮ್ಮ ಆಧಾರು."

ಚುರ್ ಎಂದಿತು. ನನ್ನ ಹೊಸ್ತಿಲಲ್ಲಿ ನನ್ನನ್ನೇ!
ಮಾತಾಡದೆ ಟ್ರಂಕು ತೆಗೆದೆ.
ನುಸಿಗುಳಿಗೆಯ ವಾಸನೆಯ ಕಾಗದಗಳನ್ನು ದೀಪಕ್ಕೆ ಹಿಡಿದು
ಒಂದಕ್ಕೊಂದು ತಾಳೆ ನೋಡುತ್ತ ಅವಳು ಜೋರಾಗಿ ಓದಿದಳು:
ಶೇವಂತಿ ಗಣಪತಿ ಹರಿಕಂತ್ರ, ಮಾಲಕರು.

ಆಮೇಲೆ ಕೀ ಇಸಿದುಕೊಂಡು
ಎರಡು ಸಲ ಬೀಗ ಹಾಕಿ, ಎರಡು ಸಲ ತೆಗೆದು,
ನೋಟು ಎಣಿಸಿದಳು.