ಕಾಲಿಟ್ಟೆವೆಂದು ಬರೆದವರು

ಹಡಗು ಬಂದು ಎರಡು ದಿನವಾಯಿತು.
ಬಂದಿದೆ ಅಂದರೆ, ಕಾಣುತ್ತದೆ ಅಷ್ಟೆ:
ನಮ್ಮ ಪುಟ್ಟ ಬಂದರಿನಾಚೆ
ಬೀಳಲಾರದ ಹಾಲುಹಲ್ಲಿನ ಹಾಗೆ
ಇದ್ದಲ್ಲೇ ಅಲ್ಲಾಡುತ್ತ.

ಟ್ರಿಸ್ತಾನಿನಲ್ಲಿ ಮೊದಲು ಕಡಲು ಹೂಂ ಅನ್ನಬೇಕು.
ವಾಯವ್ಯದಿಂದ ಹೆದ್ದೆರೆ ಎದ್ದರೆ
ದೊರೆಯೇ ಬಂದರೂ ಅಲ್ಲೇ ನಿಲ್ಲಬೇಕು,
ಹೊಸ್ತಿಲು ಕಂಡರೂ ಮನೆ ಸಿಗದ ನೆಂಟನಂತೆ.

ನಾನು ಅಂಚೆಮನೆಯ ಆರ್ಲೀನ್.
ಬೆಳಗಾಗುವ ಮೊದಲೇ ಬಾಗಿಲು ತೆರೆದು
ಪಟ್ಟೆಪಟ್ಟೆ ಉಣ್ಣೆಯ ಕಾಲುಚೀಲಗಳನ್ನು
ಮೇಜಿನ ಮೇಲೆ ಜೋಡಿಜೋಡಿಯಾಗಿ ಮಲಗಿಸಿ ಕೂತೆ.
ಹದಿನಾಲ್ಕು ಜೋಡಿ. ಒಂದಿಡೀ ಚಳಿಗಾಲ.
ಶಾಲೆಯ ಮಕ್ಕಳು ಸ್ವಾಗತದ ಹಾಡು ಕಲಿತು,
ತಲೆ ಬಾಚಿಸಿಕೊಂಡು, ಮತ್ತೆ ಕೆದರಿಕೊಂಡು ಮನೆಗೆ ಹೋದರು.
ಅತಿಥಿಗಳ ಕೇಕು ನಾವೇ ತಿಂದೆವು.

ದುರ್ಬೀನು ಹಿಡಿದು ನೋಡಿದೆ.
ಹಳದಿ ಜಾಕೆಟ್ಟಿನ ಜನ ಕಟಕಟೆಯುದ್ದಕ್ಕೂ ನಿಂತು
ದುರ್ಬೀನು ಹಿಡಿದು ನನ್ನನ್ನೇ ನೋಡುತ್ತಿದ್ದರು.
ಕೈ ಬೀಸಿದೆ.
ಒಬ್ಬ ಏನನ್ನೋ ಬರೆದುಕೊಂಡ.
ಹಿಮದ ನಾಡಿಂದ ಬಂದವರು ಅವರು,
ಸೌತ್ ಜಾರ್ಜಿಯಾದ ದಂಡೆಯಲ್ಲಿ ರಾಜ ಪೆಂಗ್ವಿನ್‌ಗಳ ಎಣಿಸಿ ಸೋತು,
ಆನೆ ಸೀಲುಗಳ ಗೊರಕೆ ಕೇಳಿ,
ತಿಮಿಂಗಿಲ ಬೆನ್ನು ತಿರುವಿದ್ದನ್ನು ಕಂಡವರು.
ಅವರ ಪಟ್ಟಿಯಲ್ಲಿ ನಾವು ಎಷ್ಟನೆಯವರೋ:
ಒಟ್ಟು ಇನ್ನೂರ ಚಿಲ್ಲರೆ, ಬೆರಳೆಣಿಕೆಯ ಮನೆತನ,
ಆಲೂಗಡ್ಡೆ ತಿಂದು ಬದುಕುವ ಜಾತಿ.

ಮಧ್ಯಾಹ್ನ ರೇಡಿಯೊದಲ್ಲಿ ಹಡಗಿನ ಗೈಡು, ಸಿಗ್ರುನ್ ಅಂತೆ,
ನಮ್ಮ ಪ್ರಯಾಣಿಕರಿಗೆ ಎರಡು ಮಾತಾಡಿ ಅಂದಳು.
ಏನು ಮಾತಾಡಲಿ? ಬಟಾಟೆಗೆ ಹುಳ ಬಿದ್ದದ್ದು ಹೇಳಿದೆ.
ಯಾರೋ ಹೆಂಗಸು ಕೇಳಿದಳು, ಒಂಟಿ ಅನ್ನಿಸುವುದಿಲ್ಲವೆ?
ನನ್ನ ಅತ್ತಿಗೆ, ಅವಳ ಅತ್ತಿಗೆ, ಅವಳ ಮೈದುನ
ಅಷ್ಟೂ ಜನ ಆಗ ನನ್ನ ಬೆನ್ನ ಹಿಂದೆಯೇ
ಕಿವಿ ನೆಟ್ಟಗೆ ಮಾಡಿ ನಿಂತಿದ್ದರು.
ಒಂಟಿಯಾಗಲು ಜಾಗವೆಲ್ಲಿದೆ ತಾಯಿ, ಅಂದೆ.
ಕೊರಕೊರ ಸದ್ದಿನ ನಡುವೆ
ಅವರ ನಗು ತಡವಾಗಿ ಬಂತು, ಗಾಳಿ ತಿಂದು ಉಳಿದಷ್ಟು.

ಮರುದಿನ ಕಡಲು ಒಂದು ಗಳಿಗೆ ಉಸಿರು ಬಿಟ್ಟಾಗ
ಸೆಲ್ವಿನ್ ದೋಣಿ ಒಯ್ದು
ಹಗ್ಗದಲ್ಲಿ ಇಳಿಸಿದ ಚೀಲ ತಂದ.
ಎಂಬತ್ತಮೂರು ಕಾರ್ಡುಗಳು.
ನಮ್ಮ ಮುದ್ರೆ ಬೇಕಂತೆ, ಇವತ್ತಿನ ತಾರೀಖು ಬೇಕಂತೆ.
ಎರಡೂವರೆಗೆ ಹಡಗು ಮೂಗು ತಿರುಗಿಸಿತು.

ಓದಬಾರದು, ಅದು ಕೆಲಸದ ನೀತಿ.
ಆದರೆ ಕಾರ್ಡಿಗೆ ಲಕೋಟೆಯಿಲ್ಲವಲ್ಲ.
‘ಲೋಕದ ತುದಿಯ ಹಳ್ಳಿಗೆ ಇವತ್ತು ಕಾಲಿಟ್ಟೆ.’
‘ಎಂಥ ಜನ! ಕರೆದು ಚಹಾ ಕೊಟ್ಟರು.’
‘ಆಲ್ಬಟ್ರಾಸ್ ಮರಿಯ ಪಕ್ಕ ಕೂತು ಬರೆಯುತ್ತಿದ್ದೇನೆ.’
ಎಲ್ಲ ಮೊದಲೇ ಬರೆದಿಟ್ಟದ್ದು,
ನೆಲವೇ ಕಾಣದ ದಿನಗಳಲ್ಲಿ,
ಬಟ್ಟಲು ಜಾರುವ ಮೇಜಿಗೆ ಮೊಣಕೈ ಒತ್ತಿ.

ಮುದ್ರೆ ಹಿಡಿದು ಸುಮ್ಮನೆ ಕೂತೆ.
ಸುಳ್ಳಿಗೆ ಸಾಕ್ಷಿ ಹಾಕುವುದೆ?
ಸೆಲ್ವಿನ್ ಒದ್ದೆ ಬೂಟು ಕಳಚುತ್ತ ಅಂದ,
ಕಾರ್ಡು ಇಲ್ಲಿಗೆ ಬಂದಿತ್ತು ಅಂತ ತಾನೆ ಮುದ್ರೆ ಹೇಳುವುದು?
ಬಂದಿದೆ. ಒತ್ತು.

ಠಪ್. ಠಪ್.
ಚಹಾ ಕೊಟ್ಟರೆಂದವಳಿಗೆ ಕೊಂಚ ಗಟ್ಟಿಯಾಗಿಯೇ ಒತ್ತಿದೆ.
ಕೊಡುತ್ತಿದ್ದೆನಲ್ಲ, ನೀರು ಕಾದೇ ಇತ್ತು.

ತಳದಲ್ಲೊಂದು, ನಡುಗುವ ಅಕ್ಷರ, ಇವತ್ತಿನ ಶಾಯಿ:
‘ಇಳಿಯಲಾಗಲಿಲ್ಲ. ದಡದಲ್ಲೊಬ್ಬಳು ಕೈ ಬೀಸಿದಳು.
ನಾನೂ ಬೀಸಿದೆ. ಅವಳಿಗೆ ಕಂಡಿತೋ ಇಲ್ಲವೋ.’
ವಿಳಾಸ ಅವನದೇ. ಯಾವುದೋ ಊರು, ಮೂರನೆಯ ಮಹಡಿ.
ತನಗೆ ತಾನೇ ಕಳಿಸಿಕೊಂಡದ್ದು.

ಟಪಾಲು ಒಯ್ಯುವ ಹಡಗಿಗೆ ಇನ್ನೂ ಆರು ವಾರ,
ಗಾಳಿ ಒಪ್ಪಿದರೆ.
ಮುದ್ರೆ ಒತ್ತಿ, ಮೂಲೆಯಲ್ಲಿ ಪೆನ್ಸಿಲಿನಿಂದ
ನಿಯಮ ಮೀರಿ ಒಂದೇ ಮಾತು ಬರೆದೆ:
ಕಂಡಿತು.

ಕಂಡಿರಲಿಲ್ಲ ಅನ್ನಿ. ಅಷ್ಟು ದೂರ.
ಹದಿನಾಲ್ಕು ಜೋಡಿ ಕಾಲುಚೀಲ ಮಡಚಿ
ಡಬ್ಬಿಗೆ ತುಂಬಿದೆ,
ನುಸಿಗುಳಿಗೆ ಎರಡು ಹೆಚ್ಚಿಗೆ ಹಾಕಿ.