ಅಳತೆಗೆ ಬಂದವಳು

ಮರ್ಲ್ ಟ್ರೆಗೆಂಜಾಳ ಮಲಗುವ ಕೋಣೆಯಲ್ಲಿ
ಮುಕ್ಕಾಲಿಯ ಮೇಲೆ ಮೈಕು ನಿಲ್ಲಿಸಿದೆ,
ದಿಂಬಿನಿಂದ ಒಂದೂವರೆ ಮೀಟರು. ನಿಯಮ.
ಕಿಟಕಿ ಗೇಣಷ್ಟು ತೆರೆದಿರಲಿ ಅಂದೆ. ಅದೂ ನಿಯಮ.
ಹತ್ತು ರಾತ್ರಿ ಇದು ನಿಮ್ಮ ಜೊತೆ ಇರುತ್ತೆ.
"ಇದಕ್ಕಾದರೂ ನಿದ್ದೆ ಬರುತ್ತೇನು?" ಅಂದಳು.

ಅಡಿಲೇಡಿನಿಂದ ಉತ್ತರಕ್ಕೆ ಮೂರು ಗಂಟೆ ದಾರಿ.
ಗೋಧಿ ಕೊಯ್ದ ಕೂಳೆ, ಸೂರು ಕಳೆದುಕೊಂಡ ಕಲ್ಲುಮನೆಗಳು,
ಮಣ್ಣಿನದೇ ಬಣ್ಣದ ಕುರಿಗಳು.
ಗುಡ್ಡದ ಬೆನ್ನೆಲುಬಿನುದ್ದಕ್ಕೂ ಮೂವತ್ತೊಂದು ಬಿಳಿ ಕಂಬ.
ದೂರದ ಬೆಟ್ಟ ನುಣ್ಣಗೆ; ಈ ಬೆಟ್ಟಕ್ಕೆ ರೆಕ್ಕೆ ಬೇರೆ.
ಕಾರು ನಿಲ್ಲಿಸಿ ನಾನೂ ಫೋಟೋ ತೆಗೆದೆ.

ಸದ್ದು ಹೇಗಿರುತ್ತೆ, ಕೇಳಿದೆ. ಫಾರಮ್ಮಿನಲ್ಲಿ ಆ ಪ್ರಶ್ನೆ ಇದೆ.
ಚಹದ ಲೋಟ ತಿರುಗಿಸುತ್ತ ತಡೆದು ಹೇಳಿದಳು:
ಗೇಟಿನ ಹತ್ತಿರ ಲಾರಿಯೊಂದು ಬಂದು
ಇಂಜಿನ್ ಆರಿಸದೆ ನಿಂತ ಹಾಗೆ.
ಈಗ ಇಳೀತಾರೆ, ಈಗ ಬಾಗಿಲು ಬಡೀತಾರೆ ಅಂತ
ಕಾಯ್ತೀಯ. ಯಾರೂ ಇಳಿಯಲ್ಲ.
ನಾಲ್ಕು ವರ್ಷ ಆಯ್ತು,
ಯಾರೂ ಇಳಿದಿಲ್ಲ.

ಎರಡು ಗೆರೆಯಷ್ಟೇ ಜಾಗ. ಬರೆದುಕೊಂಡೆ:
ಗುಂಯ್‌ಗುಡುವಿಕೆ, ತಗ್ಗಿನ ಸ್ವರ, ಬಿಟ್ಟುಬಿಟ್ಟು.

ಮರುದಿನ ಏಳೂ ಹತ್ತಕ್ಕೆ ಸೂರ್ಯ
ಒಂಬತ್ತನೇ ಕಂಬದ ಹಿಂದೆ ಬಂದ.
ಅಡುಗೆಮನೆ ಕಣ್ಣು ಮಿಟುಕಿಸತೊಡಗಿತು.
ಬ್ರೆಡ್ಡು ಇದೆ, ಇಲ್ಲ, ಇದೆ, ಇಲ್ಲ.
ಗಂಡ ಆಲ್ವಿನ್ ಎದ್ದು ಪರದೆ ಎಳೆದು ದೀಪ ಹಾಕಿದ.
ಆ ಕಂಬದ ಕರೆಂಟಿನಿಂದಲೇ ಉರೀತಿರಬಹುದು ಇದು,
ಅಂತ ತಾನೇ ನಕ್ಕ. ಅವಳು ನಗಲಿಲ್ಲ.

ನನಗೆ ಗಾಳಿಯ ಮೇಲೆ ಸಿಟ್ಟಿಲ್ಲ.
ಕಲ್ಲಿದ್ದಲ ಚಿಮಣಿಯಡಿಯ ಕ್ವಾರ್ಟರ್ಸಿನಲ್ಲಿ ಬೆಳೆದವಳು;
ಅವ್ವ ಬೆಳಗ್ಗೆ ಒಣಹಾಕಿದ ಬಿಳಿ ಲಂಗ
ಸಂಜೆಗೆ ಇಲಿಬಣ್ಣ.
ಈ ಕಂಬಗಳಡಿ ಮರ್ಲ್‌ಳ ಹಾಸಿಗೆಬಟ್ಟೆ
ಹಗ್ಗದ ಮೇಲೆ ಹಾಲಿನಂತಿತ್ತು. ಅದನ್ನೂ ನೋಡಿದೆ.

ಬೇಲಿಯಾಚೆ ಲಿಂಡ್ಸೇ ನೊಸ್ಕೆ. ಅವನ ಹೊಲದಲ್ಲಿ ಏಳು ಕಂಬ,
ವರ್ಷವರ್ಷ ಬಾಡಿಗೆ.
ಎರಡೂ ಮನೆಗೆ ಒಂದೇ ಕೊಯ್ಲುಯಂತ್ರವಿತ್ತು, ಇಪ್ಪತ್ತಾರು ಸುಗ್ಗಿ.
ಈ ಮಣ್ಣುರಸ್ತೆಯಲ್ಲಿ ಎದುರಾದವರು
ಸ್ಟೀರಿಂಗಿನಿಂದ ಒಂದು ಬೆರಳೆತ್ತುತ್ತಾರೆ,
ಅಷ್ಟೇ ನಮಸ್ಕಾರ, ಅಷ್ಟೇ ಕ್ಷೇಮಸಮಾಚಾರ.
ಆ ಬೆರಳು ಈಗ ಏಳಲ್ಲ, ಅಂದ ಆಲ್ವಿನ್.
ಸದ್ದಿಗಿಂತ ಅದು, ಅಂದವನು
ಕುರಿಗೆ ನೀರಿಡಲು ಹೋದ.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ ನಮ್ಮಲ್ಲಿ.
ಅಂದವರು ಕಣದ ಯಾವ ಮಗ್ಗುಲಲ್ಲಿ ನಿಂತಿದ್ದರೋ.
ಹೊಟ್ಟು ಯಾರ ಕಣ್ಣಿಗೆ ಹೋಯಿತೆಂದು
ಗಾದೆ ವಿಚಾರಿಸುವುದಿಲ್ಲ.

ನೊಸ್ಕೆ ಹೊಸ್ತಿಲು ದಾಟಿ ಈಚೆ ಬರಲಿಲ್ಲ.
ತೂರಿಕೊಂಡವನ ಮುಖ ಹೀಗಿರುತ್ತದೆಂದು ಎಣಿಸಿರಲಿಲ್ಲ ನಾನು:
ಕಣ್ಣ ಕೆಳಗೆ ಮರ್ಲ್‌ಳದೇ ಕಪ್ಪು.
"ನನಗೂ ಕೇಳುತ್ತೆ," ಅಂದ, ಗುಡ್ಡಕ್ಕೆ ಕೇಳಿಸೀತೆಂಬಂತೆ.
"ದೂರು ಹೇಳಲ್ಲ ಅಂತ ಕಾಗದಕ್ಕೆ ರುಜು ಹಾಕಿದೀನಿ.
ಬರೀಬೇಡ ಇದನ್ನ."
ವರದಿಯಲ್ಲಿ ಬರೆಯಲಿಲ್ಲ.
ಕಾರಿನ ತನಕ ಹಿಂದೆಯೇ ಬಂದು ಕೇಳಿದ:
"ಮರ್ಲ್ ಮಲಗ್ತಾಳಾ?"

ಆಫೀಸಿನಲ್ಲಿ ಕಿವಿ ಮುಚ್ಚಿಕೊಂಡು
ಹತ್ತು ರಾತ್ರಿ ಕೇಳುತ್ತ ಕೂತೆ.
ಸರಾಸರಿ ಮೂವತ್ತೇಳು ಡೆಸಿಬೆಲ್. ಮಿತಿ ನಲವತ್ತು.
ಆರನೇ ರಾತ್ರಿ ಮೂರೂ ಹತ್ತಕ್ಕೆ ಮಾತ್ರ
ಗೆರೆ ಐವತ್ತೆರಡಕ್ಕೆ ನೆಗೆದಿತ್ತು.
ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ.
ಮಂಚದ ಕಿರುಕು. ಚಪ್ಪಲಿ ತಡಕುವ ಪಾದ.
ಎಲ್ಲಿಗೆ? ನಿದ್ದೆಗಣ್ಣಿನ ಆಲ್ವಿನ್.
ಗೇಟು ನೋಡಿ ಬರ್ತೀನಿ.

ಮನೆಯವರ ಸದ್ದನ್ನು ಲೆಕ್ಕದಿಂದ ತೆಗೆಯಬೇಕು.
ಗುರುತು ಹಾಕಿ ಅಳಿಸಿದೆ. ಗೆರೆ ಮಟ್ಟಸವಾಯಿತು.
ನಲವತ್ತು ನಿಮಿಷದಾಚೆ ಒಂದು ಚಿಲಕದ ಸದ್ದಿದೆ,
ತುಂಬ ಸಣ್ಣದು.
ಅದನ್ನಿನ್ನೂ ತೆಗೆದಿಲ್ಲ.